ಬೋರಲು ಮಲಗುವ ಗಂಡ, ಮಗ್ಗುಲಾಗಿ ಮಲಗುವ ನಾನು: ಒಂದೇ ಮಂಚಕ್ಕೆ ಎರಡು ಥರದ ಗಾದಿ ಕಟ್ಟಿದ ಲೆಕ್ಕ

ನಮ್ಮನೆಯವರು 88 ಕೆಜಿ. ಬೋರಲು ಮಲಗುತ್ತಾರೆ, ಒಂದು ಕಾಲು ಮಡಚಿಕೊಂಡು. ನಾನು 55 ಕೆಜಿ, ಎಡ ಮಗ್ಗುಲು, ರಾತ್ರಿಯಿಡೀ ಹಾಗೇ. ಮಂಚ 72 × 78 ಇಂಚು. ಈ ಐದು ವಿಷಯ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತೆ.

ದಾವಣಗೆರೆ ಹತ್ತಿ ಗಿರಣಿಗಳ ಊರಾಗಿದ್ದದ್ದು. ನಮ್ಮ ಮನೇಲೂ ಮದುವೆಯಲ್ಲಿ ಬಂದ ಹತ್ತಿ ಗಾದಿನೇ ಇತ್ತು. ಎಷ್ಟೋ ಸಲ ಹಿಂಜಿಸಿ ತಂದರೂ ವರ್ಷ ತುಂಬೋದ್ರೊಳಗೆ ಹಲಗೆಯಾಗುತ್ತಿತ್ತು. ಅದರ ಮೇಲೆ ಅವರು ಆರಾಮಾಗಿ ನಿದ್ದೆ ಮಾಡುತ್ತಿದ್ದರು, ನನಗೆ ಬೆಳಗ್ಗೆ ಎದ್ದರೆ ಎಡಗೈ ಜೋಮು. ಆಮೇಲೆ ಅಂಗಡಿಯಿಂದ ಮೆತ್ತನೆಯ ಫೋಮ್ ಹಾಸಿಗೆ ತಂದ್ವಿ. ನನ್ನ ಭುಜ ಸರಿಹೋಯಿತು, ಅವರ ನಡ ಹಿಡಿಯಿತು. ಅಂಗಡಿಯವರು ಇಬ್ಬರಿಗೂ ಆಗುತ್ತೆ ಅಂತ ಮೀಡಿಯಂ ತೋರಿಸುತ್ತಾರೆ. ನನ್ನ ಮಟ್ಟಿಗೆ ಮೀಡಿಯಂ ಅಂದರೆ ಇಬ್ಬರಿಗೂ ಅರ್ಧರ್ಧ ನೋವು ಹಂಚೋದು, ಅಷ್ಟೇ.

ಕಾರಣ ಸರಳ. ಮಗ್ಗುಲಾಗಿ ಮಲಗಿದರೆ ಭಾರವೆಲ್ಲ ಭುಜ ಮತ್ತು ಸೊಂಟದ ಮೂಳೆ ಮೇಲೆ ಬೀಳುತ್ತೆ. ಅವೆರಡೂ ಒಳಗೆ ಇಳಿಯಬೇಕು, ಆಗ ಮಾತ್ರ ನಡುವಿಗೆ ಹಾಸಿಗೆ ತಾಗುತ್ತೆ. ಬೋರಲು ಮಲಗಿದವರಿಗೆ ತದ್ವಿರುದ್ಧ. ಹೊಟ್ಟೆ, ಸೊಂಟ ಭಾರದ ಜಾಗ, ಅದು ಇಳಿದರೆ ಬೆನ್ನು ಹಿಂದಕ್ಕೆ ಬಾಗುತ್ತೆ. ಹಾಗಾಗಿ ಅರ್ಧ ಮಂಚ ಒಂದು ಥರ, ಇನ್ನರ್ಧ ಇನ್ನೊಂದು ಥರ ಮಾಡಬೇಕು, ಆದರೆ ಎತ್ತರ ಒಂದೇ ಇರಬೇಕು, ಒಂದೇ ಕವರಿನೊಳಗೆ ಕೂರಬೇಕು. ಇದು ಆ ಕೆಲಸದ ಟಿಪ್ಪಣಿ.

ಹಂತ 1: ಟಿಕ್ಲಿ ಅಂಟಿಸಿ ಅಳತೆ

"ಹೇಗನ್ನಿಸುತ್ತೆ?" ಅಂತ ಕೇಳಿದರೆ ನಮ್ಮನೆಯವರು ಎಲ್ಲದಕ್ಕೂ "ಚೆನ್ನಾಗಿದೆ ಬಿಡು" ಅನ್ನುತ್ತಾರೆ. ಅದನ್ನ ನಂಬಿ ದುಡ್ಡು ಹಾಕೋಕಾಗಲ್ಲ. ಕಣ್ಣಿಗೆ ಕಾಣೋ ಅಳತೆ ಬೇಕಿತ್ತು.

ನನಗೆ: ಬಿಗಿಯಾದ ಬನಿಯನ್ ಹಾಕಿಕೊಂಡೆ. ಮಗಳು ಕತ್ತಿನ ಬುಡದಿಂದ ಸೊಂಟದವರೆಗೆ ಬೆನ್ನುಮೂಳೆಯ ಮೇಲೆ ಸಾಲಾಗಿ ಹಣೆಗಿಡುವ ಟಿಕ್ಲಿ ಅಂಟಿಸಿದಳು. ಹಾಸಿಗೆ ಮೇಲೆ ಮಗ್ಗುಲಾಗಿ, ದಿಂಬು ಇಟ್ಟುಕೊಂಡು, ಹತ್ತು ನಿಮಿಷ ಮಲಗಿದ ಮೇಲೆ ಹಿಂದಿನಿಂದ ಫೋಟೊ. ಮೊಬೈಲ್ ಹಾಸಿಗೆಯ ಮಟ್ಟಕ್ಕೇ ಇರಬೇಕು, ಮೇಲಿಂದ ತೆಗೆದರೆ ಗೆರೆ ಸುಳ್ಳು ಹೇಳುತ್ತೆ. ಫೋಟೊ ಮೇಲೆ ನೇರ ಗೆರೆ ಎಳೆದು ಟಿಕ್ಲಿಗಳು ಎಲ್ಲಿ ತಪ್ಪುತ್ತವೆ ಅಂತ ನೋಡೋದು. ಗೆರೆ ನಡುವಿನ ಹತ್ತಿರ ಜೋತು ಬಿದ್ದರೆ ಹಾಸಿಗೆ ಗಟ್ಟಿ, ಭುಜ ಸೊಂಟ ಮೇಲೇ ನಿಂತು ನಡು ಗಾಳಿಯಲ್ಲಿದೆ ಅಂತ. ಸೊಂಟದ ಹತ್ತಿರವೇ ಹೆಚ್ಚು ಇಳಿದಿದ್ದರೆ ತೀರಾ ಮೆತ್ತಗೆ. ಎರಡರಲ್ಲೂ ಗೆರೆ ಕೆಳಕ್ಕೇ ಬಾಗುತ್ತೆ, ಅದಕ್ಕೆ ಯಾವ ಟಿಕ್ಲಿ ಎಲ್ಲಕ್ಕಿಂತ ಕೆಳಗಿದೆ ಅನ್ನೋದು ಮುಖ್ಯ.

ಅವರಿಗೆ: ಕಿಟಕಿ ಕೆಲಸದವರು ಬಿಟ್ಟುಹೋಗಿದ್ದ ಅಲ್ಯೂಮಿನಿಯಂ ಪಟ್ಟಿ. ಮೊದಲು ನಿಂತಾಗ ಬೆನ್ನಿಗೆ ಹಿಡಿದು ನಡದ ಹತ್ತಿರ ಪಟ್ಟಿಗೂ ಬೆನ್ನಿಗೂ ಎಷ್ಟು ಸಂದು ಅಂತ ಸ್ಕೇಲಿನಲ್ಲಿ ನೋಡಿದೆ. 3 ಸೆಂ.ಮೀ. ಬೋರಲು ಮಲಗಿದಾಗ ಅದೇ ಪಟ್ಟಿಯನ್ನ ಬೆನ್ನ ಮೇಲೆ ಇಟ್ಟು ಮತ್ತೆ ಅಳೆದರೆ ಸಂದು ಎಷ್ಟು ಜಾಸ್ತಿಯೋ ಅಷ್ಟು ನಡ ಬಾಗಿದೆ ಅಂತ ಲೆಕ್ಕ. ಅಂಗಡಿಯ ಮೆತ್ತನೆ ಹಾಸಿಗೆ ಮೇಲೆ 6 ಬಂತು. ನೋವು ಸುಮ್ನೆ ಬಂದಿರಲಿಲ್ಲ ಅಂತ ಆಗ ಗೊತ್ತಾಯಿತು.

ಹಂತ 2: ಸಾಮಾನು

ಮೆಮೊರಿ ಫೋಮ್ ಬೇಡ ಅಂತ ಮೊದಲೇ ತೀರ್ಮಾನ. ಅದು ಶಾಖಕ್ಕೆ ಮೆತ್ತಗಾಗುತ್ತೆ, ಚಳಿಗೆ ಬಿಗಿಯಾಗುತ್ತೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಒಂದು ಹಾಸಿಗೆ, ಡಿಸೆಂಬರಿಗೆ ಇನ್ನೊಂದು ಹಾಸಿಗೆ ಆದ ಹಾಗೆ. ಸಾಮಾನ್ಯ ಪಿಯು (ಪಾಲಿಯುರೆಥೇನ್) ಫೋಮಿನಲ್ಲಿ ಇನ್ನೊಂದು ತೊಂದರೆ ಇದೆ, "40 ಡೆನ್ಸಿಟಿ" ಅಂದರೆ ಗಟ್ಟಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಡೆನ್ಸಿಟಿ ಅಂದರೆ ಒಂದು ಘನ ಮೀಟರಿಗೆ ಎಷ್ಟು ಕೆಜಿ ಅನ್ನೋ ತೂಕ, ಗಟ್ಟಿತನ ಅಲ್ಲ. 40 ಡೆನ್ಸಿಟಿಯಲ್ಲಿ ಮೆತ್ತಗಿನದೂ ಬರುತ್ತೆ, ಗಟ್ಟಿಯದೂ ಬರುತ್ತೆ. ಡನ್‌ಲಪ್ ವಿಧಾನದ (ರಬ್ಬರ್ ಹಾಲನ್ನ ನೊರೆ ಬರಿಸಿ, ಅಚ್ಚಿಗೆ ಹೊಯ್ದು ಬೇಯಿಸುವ) ಲೇಟೆಕ್ಸ್‌ನಲ್ಲಿ ಮಾತ್ರ ತೂಕ ಹೆಚ್ಚಿದಷ್ಟೂ ಗಟ್ಟಿ ಅನ್ನೋ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತೆ. ಅದಕ್ಕೇ ಲೇಟೆಕ್ಸ್ ಆರಿಸಿದ್ದು.

ತಳಕ್ಕೆ 4 ಇಂಚಿನ ರೀಬಾಂಡೆಡ್, 100 ಡೆನ್ಸಿಟಿ. ಫೋಮಿನ ಚೂರುಗಳನ್ನ ಒತ್ತಿ ಅಂಟಿಸಿದ್ದು, ಬಣ್ಣ ಬಣ್ಣದ್ದು. ಇದನ್ನ ಇಲ್ಲೇ ಮಂಡಿಪೇಟೆ ಕಡೆ ಕೊಂಡೆ. ಸರಿ ಅರ್ಧಕ್ಕೆ ಕತ್ತರಿಸಲಿಲ್ಲ. ಒಂದು ತುಂಡು 40 ಇಂಚು ಅಗಲ, ಇನ್ನೊಂದು 32. ಮೇಲಿನ ಲೇಟೆಕ್ಸ್ ಹಾಳೆಗಳು 36 + 36. ಹೀಗೆ ಮಾಡಿದರೆ ಮೇಲಿನ ಸೀಳು ಮತ್ತು ಕೆಳಗಿನ ಸೀಳು ಒಂದರ ಮೇಲೊಂದು ಬರಲ್ಲ. ಅಂಗಡಿ ಚಾಚಾ "ಎರಡೂ ಸಮ ಇರ್ಲಿ ಅಕ್ಕ, ನೋಡೋಕೆ ಚಂದ" ಅಂದರು. ಕವರಿನೊಳಗೆ ಯಾರು ನೋಡುತ್ತಾರೆ ಅಲ್ವಾ.

ಲೇಟೆಕ್ಸ್ ಹಾಳೆ 36 × 78 × 2 ಇಂಚಿನವು. ಮೆತ್ತಗಿನದು (65 ಡೆನ್ಸಿಟಿ) ಎರಡು, ಮೀಡಿಯಂ (80) ಎರಡು. ಹೊರಗಿನಿಂದ ಪಾರ್ಸೆಲ್ ತರಿಸಿದೆ, ಸುರುಳಿ ಸುತ್ತಿ ಬಂತು. ಬಿಚ್ಚಿದಾಗ ರಬ್ಬರ್ ವಾಸನೆ ಜೋರು, ಫ್ಯಾನ್ ಕೆಳಗೆ ಕೆಲವು ದಿನ ಹರಡಿಟ್ಟ ಮೇಲೆ ಕಡಿಮೆಯಾಯಿತು.

ಇಲ್ಲಿ ಒಂದು ಕೆಲಸ ತಪ್ಪದೇ ಮಾಡಿ: ಹಾಳೆ ತೂಗಿ ನೋಡಿ. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ 61,024ರಿಂದ ಭಾಗಿಸಿದರೆ ಘನ ಮೀಟರ್ ಬರುತ್ತೆ. ನನ್ನ ಹಾಳೆಗೆ 0.092. ಅದನ್ನ ಡೆನ್ಸಿಟಿಯಿಂದ ಗುಣಿಸಿದರೆ ಇರಬೇಕಾದ ತೂಕ: 65ಕ್ಕೆ ಸುಮಾರು 6 ಕೆಜಿ, 80ಕ್ಕೆ 7.4, 90ಕ್ಕೆ 8.3. ಪಕ್ಕದ ಮನೆಯವರದ್ದು ಮೆಕ್ಕೆಜೋಳದ ವ್ಯಾಪಾರ, ಅವರ ತಕ್ಕಡಿ ಮೇಲೆ ಇಟ್ಟೆ. ಮೆತ್ತಗಿನವು 6.1 ಮತ್ತು 6.0, ಮೀಡಿಯಂ 7.3 ಮತ್ತು 7.4. ಸರಿ ಇದ್ದವು. ಆಮೇಲೆ ತರಿಸಿದ ಒಂದು ಹಾಳೆ ಸರಿ ಇರಲಿಲ್ಲ, ಅದು ಮುಂದೆ ಬರುತ್ತೆ.

ಹಂತ 3: ಮಂಚ

ಮಂಚಕ್ಕೆ ಪೂರ್ತಿ ಪ್ಲೈವುಡ್ ಹಾಸಿತ್ತು, ಗಾಳಿಯೇ ಆಡದ ಹಾಗೆ. ಲೇಟೆಕ್ಸ್ ಕೆಳಗೆ ಬೆವರಿನ ತೇವ ನಿಂತರೆ ಬೂಷ್ಟು ಹಿಡಿಯುತ್ತೆ. 1 ಇಂಚಿನ ಹೋಲ್ ಸಾ ತಂದು ಡ್ರಿಲ್‌ಗೆ ಹಾಕಿ ಅರ್ಧರ್ಧ ಅಡಿಗೆ ಒಂದು ತೂತು ಕೊರೆದೆ, ಮರಳು ಕಾಗದ ತಿಕ್ಕಿದೆ. ಮುಗೀತು.

ಹಂತ 4: ಅವರ ಕಡೆ

ಹಾಳೆಗಳನ್ನ ಅಂಟಿಸಲಿಲ್ಲ. ಲೇಟೆಕ್ಸ್ ಮೇಲೆ ಲೇಟೆಕ್ಸ್ ಇಟ್ಟರೆ ತಾನೇ ಹಿಡಿದುಕೊಳ್ಳುತ್ತೆ, ಜಾರಲ್ಲ. ಎಸ್‌ಆರ್ ಗಮ್ (ರಬ್ಬರ್ ಅಂಟು) ಹಾಕಿ ಅಂಟಿಸಿ ಅಂತ ಹೇಳಿದವರಿದ್ದರು. ಅಂಟಿಸಿದ್ದರೆ ಕೆಳಗೆ ಬರೆದಿರೋದು ಯಾವುದನ್ನೂ ಮಾಡೋಕಾಗ್ತಿರಲಿಲ್ಲ.

ಮೊದಲ ಜೋಡಣೆ: ತಳ, ಮೀಡಿಯಂ, ಮೇಲೆ ಮೆತ್ತಗಿನದು. ನಡದ ಸಂದು 5.5. ಹೊಟ್ಟೆ ನೇರ ಒಳಗೆ.

ಆಮೇಲೆ ಅದಲುಬದಲು: ಮೆತ್ತಗಿನದು ಕೆಳಗೆ, ಮೀಡಿಯಂ ಮೇಲೆ. 4.5. ಅದೇ ಹಾಳೆಗಳು, ಬರೀ ಕ್ರಮ ಬದಲಾಗಿದ್ದಕ್ಕೆ ಒಂದು ಸೆಂ.ಮೀ ಕಡಿಮೆ. ಮೇಲಿನ ಎರಡು ಮೂರು ಇಂಚೇ ಮೈಗೆ ಜಾಸ್ತಿ ಗೊತ್ತಾಗೋದು. ಆದರೆ 88 ಕೆಜಿ ಭಾರಕ್ಕೆ ಕೆಳಗೆ ಹೂತಿಟ್ಟ ಮೆತ್ತನೆ ಪದರವೂ ಬಗ್ಗುತ್ತೆ.

ಗಟ್ಟಿ ಹಾಳೆಗೆ ದುಡ್ಡು ಹಾಕೋ ಮೊದಲು ಒಂದು ಪರೀಕ್ಷೆ. ಮೆತ್ತಗಿನದನ್ನ ತೆಗೆದು ಅದರ ಜಾಗಕ್ಕೆ ಹಳೇ ಜಮಖಾನ ಮಡಚಿ ಸುಮಾರು 2 ಇಂಚು ಮಾಡಿ ಹಾಸಿದೆ. ಮೇಲೆ ಮೀಡಿಯಂ. ಸಂದು 3.5ಕ್ಕೆ ಇಳಿಯಿತು. ಬೆಳಗ್ಗೆ ಎದ್ದವರು ಕೇಳದೇ "ನಡ ಇವತ್ತು ಹಗುರ ಇದೆ ಕಣೆ" ಅಂದರು. ಸರಿ, 90 ಡೆನ್ಸಿಟಿ ಒಂದು ಹಾಳೆ ಬರಲಿ ಅಂತ ಆರ್ಡರ್ ಮಾಡಿದೆ.

ಬಂದ ಹಾಳೆ ತಕ್ಕಡಿ ಮೇಲೆ 7.5 ಕೆಜಿ. ಅಂದರೆ 80ರ ಹಾಳೆಗೆ 90ರ ಚೀಟಿ ಅಂಟಿಸಿ 90ರ ದುಡ್ಡು. ತೂಕದ ಫೋಟೊ ಕಳಿಸಿದೆ. ಮೊದಲು "ತೂತುಗಳಿರುತ್ತವಲ್ಲ ಮೇಡಂ, ಅದಕ್ಕೆ ಕಡಿಮೆ" ಅಂತ ಉತ್ತರ. ಇದೇ ತೂತುಗಳಿರೋ 80ರ ಹಾಳೆಗಳು ಲೆಕ್ಕಕ್ಕೆ ಸರಿಯಾಗಿ ತೂಗಿವೆ, ನೋಡಿ ಅಂತ ಆ ಫೋಟೊನೂ ಹಾಕಿದೆ. ಬದಲಿ ಕಳಿಸಲು ಒಪ್ಪಿದರು, ವಾಪಸ್ ಕಳಿಸುವ ಸಾಗಾಣಿಕೆ ನನ್ನ ತಲೆಗೆ. ಎರಡನೆಯದು 8.2 ತೂಗಿತು.

ಗಟ್ಟಿಯದನ್ನ ಮೇಲೇ ಹಾಕಿ ನೋಡಿದ್ವಿ. ಸಂದು 3.2, ನಿಂತಾಗಿನ ಅಳತೆಗೆ ತೀರಾ ಹತ್ತಿರ. ಅಳತೆ ಪ್ರಕಾರ ಇದೇ ಗೆಲ್ಲಬೇಕು. ಆದರೆ ಪಕ್ಕೆಲುಬು ಒತ್ತುತ್ತೆ ಅಂತ ಅವರು ರಾತ್ರಿಯೆಲ್ಲ ಹೊರಳಾಡಿದರು. ಗಟ್ಟಿ ಕೆಳಗೆ, ಮೀಡಿಯಂ ಮೇಲೆ ಇಟ್ಟರೆ 3.5. ಅಲ್ಲಿಗೆ ನಿಲ್ಲಿಸಿದ್ವಿ. ಜೊತೆಗೆ ಅವರ ದಪ್ಪ ದಿಂಬು ತೆಗೆದು ತೆಳ್ಳನೆಯದು ಕೊಟ್ಟೆ. ಬೋರಲು ಮಲಗುವವರಿಗೆ ಎತ್ತರದ ದಿಂಬು ಇಟ್ಟರೆ ಹಾಸಿಗೆ ಎಷ್ಟು ಸರಿ ಇದ್ದರೂ ಕತ್ತು ಹಿಂದಕ್ಕೆ ಬಾಗುತ್ತೆ.

ಹಂತ 5: ನನ್ನ ಕಡೆ

ತಳ, ಮೀಡಿಯಂ, ಮೇಲೆ ಮೆತ್ತಗಿನದು. ಟಿಕ್ಲಿ ಗೆರೆ ಹತ್ತಿ ಗಾದಿಗಿಂತ ಎಷ್ಟೋ ಮೇಲು, ಆದರೆ ಭುಜದ ಹತ್ತಿರ ಗೆರೆ ಮೇಲಕ್ಕೆ ಎದ್ದಿತ್ತು, ಒಂದು ಇಂಚಿನಷ್ಟು. ಸೊಂಟ ಇಳಿದಷ್ಟು ಭುಜ ಇಳಿದಿಲ್ಲ.

ಅವರ ಕಡೆಯಿಂದ ಉಳಿದ ಮೆತ್ತನೆ ಹಾಳೆ ಇತ್ತಲ್ಲ, ಮೀಡಿಯಂ ತೆಗೆದು ಎರಡೂ ಮೆತ್ತಗಿನವನ್ನೇ ಹಾಕಿದೆ. ಭುಜ ಸುಖವಾಗಿ ಇಳಿಯಿತು. ಸೊಂಟವೂ ಇಳಿದು ತಳದ ರೀಬಾಂಡೆಡ್‌ಗೆ ತಾಗಿತು. ಮಲಗಿದ ಕೂಡಲೇ ಗೊತ್ತಾಗಲ್ಲ, ಬೆಳಗಿನ ಜಾವಕ್ಕೆ ಸೊಂಟದ ಮೂಳೆ ನೋಯೋಕೆ ಶುರುವಾಗುತ್ತೆ. ಅಂಗಡಿಯಲ್ಲಿ ಐದು ನಿಮಿಷ ಮಲಗಿ ನೋಡಿ ಹಾಸಿಗೆ ಕೊಳ್ಳೋದು ಎಷ್ಟು ದಂಡ ಅಂತ ಇದರಿಂದ ತಿಳೀತು.

ಹಾಗಾದರೆ ಭುಜದ ಕೆಳಗೆ ಮಾತ್ರ ಎರಡು ಮೆತ್ತನೆ ಪದರ, ಉಳಿದ ಕಡೆ ಮೀಡಿಯಂ ಮೇಲೆ ಮೆತ್ತಗಿನದು. ಮೀಡಿಯಂ ಹಾಳೆ ಕತ್ತರಿಸಲೇಬೇಕಾಯಿತು. 6,300 ರೂಪಾಯಿಯ ಹಾಳೆಗೆ ಚಾಕು ಹಾಕೋವಾಗ ಕೈ ನಡುಗಿತು, ಸುಳ್ಳು ಹೇಳಲ್ಲ.

ಕತ್ತರಿಸುವುದು ಹೇಗೆ: ಉಳಿದ ತುಂಡಿನ ಮೇಲೆ ಅಭ್ಯಾಸ ಮಾಡಿದೆ. ಬಟ್ಟೆ ಕತ್ತರಿ ಹಾಕಿದರೆ ಅಂಚು ಗರಗಸದ ಹಲ್ಲಿನ ಹಾಗೆ ಬರುತ್ತೆ. ದೊಡ್ಡ ಕಟ್ಟರ್ ಬ್ಲೇಡ್ ಒಂದೇ ಎಳೆತಕ್ಕೆ ಎಳೆದರೆ ರಬ್ಬರ್ ಜಗ್ಗಿಕೊಂಡು ಸೊಟ್ಟ ಆಗುತ್ತೆ. ಸರಿಹೋಗಿದ್ದು ಬ್ರೆಡ್ ಕೊಯ್ಯುವ ಉದ್ದ ಹಲ್ಲಿನ ಚಾಕು. ಮಾರ್ಕರ್ ಗೆರೆ ಮೇಲೆ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅದರ ಮೇಲೆ ಮಗಳನ್ನ ಮಂಡಿಯೂರಿ ಕೂರಿಸಿ, ಹಾಳೆ ಒತ್ತಿದ ಸ್ಥಿತಿಯಲ್ಲಿ ನಿಧಾನಕ್ಕೆ ಕೊಯ್ದೆ. ಒತ್ತಡ ಚಾಕುವಿನ ಮೇಲೆ ಹಾಕಬಾರದು, ಬರೀ ಹಿಂದೆ ಮುಂದೆ ಎಳೆಯೋದು. ಕೊಯ್ದ ಅಂಚಿಗೆ ಟಾಲ್ಕಂ ಪೌಡರ್ ಸವರಿದೆ.

ತಲೆ ಕಡೆಯಿಂದ 11 ಇಂಚು ಮೀಡಿಯಂ, ಆಮೇಲೆ 12 ಇಂಚು ಅಗಲದ ಮೆತ್ತನೆ ಪಟ್ಟಿ, ಉಳಿದ 55 ಇಂಚು ಮೀಡಿಯಂ. ಒಟ್ಟು 78. ಮೇಲೆ ಪೂರ್ತಿ ಮೆತ್ತನೆ ಹಾಳೆ.

ಅಳತೆ ತೆಗೆಯುವಾಗ ದಿಂಬು ಮಂಚದ ತಲೆಹಲಗೆಗೆ ಒತ್ತಿಕೊಂಡಿತ್ತು, ನಾನೂ ನೆಟ್ಟಗೆ ಮಲಗಿದ್ದೆ. ರಾತ್ರಿ ಹಾಗೆಲ್ಲ ಯಾರು ಮಲಗುತ್ತಾರೆ? ನಿದ್ದೆಯಲ್ಲಿ ನಾನು ಕೆಳಕ್ಕೆ ಜಾರುತ್ತೇನೆ. ಮೆತ್ತನೆ ಪಟ್ಟಿ ಕತ್ತಿನ ಕೆಳಗೆ, ಭುಜ ಅದರ ಅಂಚಿನ ಮೇಲೆ. ಮೊದಲಿಗಿಂತ ಕಡೆ. ಹೊಸ ಹಾಳೆ ತರಿಸಬೇಕೇನೋ ಅಂತ ಮನಸ್ಸು ಕೆಡಿಸಿಕೊಂಡು ಕೂತಿದ್ದಾಗ ಮಗಳೇ ದಾರಿ ತೋರಿಸಿದ್ದು: "ಕಾಲ ಕಡೆಯಿಂದ ನಾಲ್ಕಿಂಚು ಕಟ್ ಮಾಡಿ ತಲೆ ಕಡೆ ಸೇರಿಸಿದ್ರಾಯ್ತಲ್ಲಮ್ಮ." ಹಾಗೇ ಮಾಡಿದೆ. 15, 12, 51. ಪಟ್ಟಿ ತಾನಾಗೇ 4 ಇಂಚು ಕೆಳಗೆ ಬಂತು, ಒಂದು ಪೈಸೆ ಖರ್ಚಿಲ್ಲ. ಟಿಕ್ಲಿ ಗೆರೆ ಈಗ ಕಾಲು ಇಂಚಿನೊಳಗೆ ನೇರ.

ಮಾಡುವವರು ನಿದ್ದೆಯಲ್ಲಿ ಭುಜ ಎಲ್ಲಿರುತ್ತೆ ಅಂತ ಮನೆಯವರಿಂದ ಬೆಳಗಿನ ಜಾವ ಗುರುತು ಹಾಕಿಸಿಕೊಂಡು ಆಮೇಲೆ ಕೊಯ್ಯಿರಿ. ಭುಜ ಇಳಿದ ಮೇಲೆ ಹಳೇ ದಿಂಬು ಎತ್ತರವಾಯಿತು, ಸ್ವಲ್ಪ ಹತ್ತಿ ತೆಗೆದೆ.

ಹಂತ 6: ಕವರ್, ಇಲ್ಲಿ ಪೂರ್ತಿ ಎಡವಟ್ಟು

ಇಷ್ಟು ಹೊತ್ತೂ ಹಾಳೆಗಳ ಮೇಲೆ ಸುಮ್ನೆ ಒಂದು ಚಾದರ ಹಾಸಿ ಪರೀಕ್ಷೆ ಮಾಡಿದ್ದು. ಗಾದಿ ಕವರ್ ಹೊಲಿಯುವವರ ಹತ್ತಿರ 72 × 78 × 8 ಅಳತೆ ಕೊಟ್ಟು, ಗಟ್ಟಿ ಬಾಳಿಕೆಯ ಪಟ್ಟೆಪಟ್ಟೆ ಗಾದಿ ಬಟ್ಟೆಯಲ್ಲಿ, ಮೂರು ಕಡೆ ಜಿಪ್ ಇಟ್ಟು ಹೊಲಿಸಿದೆ. ಎಷ್ಟು ಬಿಗಿಯಾಗಿ ಕೂತಿತ್ತು ಅಂದರೆ ಅಂಗಡಿಯಿಂದ ತಂದ ಹಾಗೆ.

ಆ ರಾತ್ರಿ ನನ್ನ ಎಡಗೈ ಮತ್ತೆ ಜೋಮು ಹಿಡಿಯಿತು. ಪದರ ಯಾವುದೂ ಬದಲಾಗಿಲ್ಲ. ಫೋಟೊ ತೆಗೆದರೆ ಭುಜದ ಟಿಕ್ಲಿ ಮತ್ತೆ ಮುಕ್ಕಾಲು ಇಂಚು ಮೇಲೆ. ಮೊದಲು ಮೆತ್ತನೆ ಪಟ್ಟಿ ಸರಿದಿದೆ ಅಂದುಕೊಂಡು ಬಿಚ್ಚಿ ನೋಡಿದೆ, ಇದ್ದಲ್ಲೇ ಇತ್ತು. ಕವರ್ ತೆಗೆದು ಮಲಗಿದೆ, ಆರಾಮ. ಹಾಕಿದೆ, ಜೋಮು. ನೇಯ್ದ ಬಟ್ಟೆ ಹಿಗ್ಗಲ್ಲ. ಬಿಗಿಯಾಗಿ ಎಳೆದು ಕಟ್ಟಿದ ಮೇಲೆ ಭುಜ ಒತ್ತಿದರೆ ಇಡೀ ಬಟ್ಟೆ ಭಾರ ಹಂಚಿಕೊಳ್ಳುತ್ತೆ, ಭುಜ ಒಳಗೆ ಇಳಿಯೋಕೆ ಬಿಡಲ್ಲ. ಕೆಳಗೆ ಎಷ್ಟು ದುಡ್ಡಿನ ಮೆತ್ತನೆ ಪದರ ಇದ್ದರೂ ದಂಡ. ನಮ್ಮನೆಯವರಿಗೆ ಮಾತ್ರ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ, ಅವರಿಗೆ ಗಟ್ಟಿಯಾದಷ್ಟೂ ಖುಷಿ.

ಎರಡನೇ ಕವರ್: ಮೇಲ್ಭಾಗಕ್ಕೆ ಚೌಕಿಪೇಟೆಯಲ್ಲಿ ದಪ್ಪ ಹೊಸೈರಿ ಬಟ್ಟೆ ತಂದೆ, ಎರಡೂ ದಿಕ್ಕಿಗೆ ಹಿಗ್ಗುವಂಥದ್ದು. ಪಕ್ಕ ಮತ್ತು ತಳಕ್ಕೆ ಮೊದಲಿನ ಪಟ್ಟೆ ಬಟ್ಟೆನೇ ಬಿಚ್ಚಿ ಹಾಕಿಸಿದೆ, ಆಕಾರ ನಿಲ್ಲಬೇಕಲ್ಲ. ಹೊಲಿಯುವವರು "ಬನಿಯನ್ ಬಟ್ಟೇಲಿ ಗಾದೀನಾ?" ಅಂತ ನಕ್ಕರು. ಹೊಲಿಗೆ ಒಂದೆರಡು ಕಡೆ ಸುಕ್ಕಾಗಿದೆ. ಇರಲಿ, ಜೋಮು ಇಲ್ಲ. ಮೇಲೆ ಹಾಸುವ ಹೊದಿಕೆಯಲ್ಲೂ ಇದೇ ಎಚ್ಚರ ಬೇಕು. ನೀರು ನಿಲ್ಲದ ಪ್ಲಾಸ್ಟಿಕ್ ಥರದ ಪ್ರೊಟೆಕ್ಟರ್ ಬಿಗಿಯಾಗಿ ಹಾಕಿದರೂ ಅದೇ ಕಥೆ.

ಇದರ ಮಧ್ಯೆ ಅತ್ತೆ "ಗಾದಿ ಅಂದ್ಮೇಲೆ ವಾರಕ್ಕೊಮ್ಮೆ ಬಿಸಿಲು ಕಾಣ್ಬೇಕು ಕಣಮ್ಮ" ಅಂತ ಉಳಿದ ಲೇಟೆಕ್ಸ್ ತುಂಡುಗಳನ್ನ ತಾರಸಿ ಮೇಲೆ ಹಾಕಿಬಿಟ್ಟಿದ್ದರು. ಹತ್ತಿಗೆ ಅದು ಸರಿ. ಲೇಟೆಕ್ಸ್ ಬಿಸಿಲಿಗೆ ಹಳದಿಯಾಗಿ ಪುಡಿ ಉದುರುತ್ತೆ. ಓಡಿಹೋಗಿ ತಂದೆ. ಗಾಳಿ ಬೇಕಿದ್ದರೆ ನೆರಳಲ್ಲಿ.

ಖರ್ಚು

ರೀಬಾಂಡೆಡ್ ಎರಡು ತುಂಡು 8,400. ಮೆತ್ತನೆ ಹಾಳೆ ಎರಡು 10,800. ಮೀಡಿಯಂ ಎರಡು 12,600. ಗಟ್ಟಿ ಒಂದು 7,000. ಪಾರ್ಸೆಲ್ 1,150, ವಾಪಸ್ ಕಳಿಸಿದ್ದು 400. ಮೊದಲ ಕವರ್ 2,600, ಎರಡನೆಯದು 3,400. ಹೋಲ್ ಸಾ 180. ಒಟ್ಟು 46,530 ರೂಪಾಯಿ. ಮೊದಲೇ ಹೊಸೈರಿ ಕವರ್ ಹೊಲಿಸಿ, ಅವರ ಕಡೆಗೆ ಮೆತ್ತನೆ ಹಾಳೆ ತರಿಸದೇ ಇದ್ದಿದ್ದರೆ ಹತ್ತಿರ ಹತ್ತಿರ ಎಂಟು ಸಾವಿರ ಉಳಿಯುತ್ತಿತ್ತು. ಭುಜದ ಪಟ್ಟಿಗೆ ಬೇಕಾಗಿದ್ದು 12 ಇಂಚಿನ ತುಂಡು ಮಾತ್ರ. ಆ ಹಾಳೆಯಲ್ಲಿ ಉಳಿದದ್ದು ಈಗ ಅತ್ತೆಯ ದಿವಾನಿನ ಮೇಲಿದೆ.

ಇನ್ನೂ ಬಾಕಿ ಇರೋದು

ನಡುವಿನ ಸೀಳು. ನಾವಿಬ್ಬರೇ ಇದ್ದರೆ ಗೊತ್ತಾಗಲ್ಲ, ಅವರು ಹೊರಳಿದರೆ ನನಗೆ ಅಲುಗಾಟ ಬರಲ್ಲ ಅನ್ನೋದು ಲಾಭವೇ. ಆದರೆ ಮಗಳು ನಡುವೆ ಬಂದು ಮಲಗಿದ ದಿನ ಅರ್ಧ ಮೈ ಗಟ್ಟಿ, ಅರ್ಧ ಮೈ ಮೆತ್ತಗೆ, ನನ್ನ ಕಡೆ ಉರುಳಿಕೊಂಡು ಬರುತ್ತಾಳೆ. ಎರಡೂ ಕಡೆಗೆ ಸೇರಿಸಿ ಮೇಲೆ 1 ಇಂಚಿನ ಒಂದೇ ಹಾಳೆ ಹಾಕಿದರೆ ಸರಿಹೋಗುತ್ತೆ ಅನ್ನುತ್ತಾರೆ. ಅದು ಮೀಡಿಯಂ ಆದರೆ ನನ್ನ ಭುಜಕ್ಕೆ ಆಗಲ್ಲ, ಮೆತ್ತಗಾದರೆ ಅವರ ನಡದ ಸಂದು ಮತ್ತೆ ನಾಲ್ಕು ದಾಟುತ್ತೋ ಏನೋ. ಮಡಚಿದ ಕೌದಿ ಹಾಸಿ ಒಂದು ವಾರ ಅಳೆದು ನೋಡಿ, ಆಮೇಲೆ ಆರ್ಡರ್ ಮಾಡಬೇಕು.